ತಂದೆ ತೀರಿಕೊಂಡ ಮೇಲೆ ಬೆಂಗಳೂರಿನ ಮನೆಯ ಖಾತೆ, ಕರೆಂಟ್ ಮೀಟರ್, ನೀರಿನ ಸಂಪರ್ಕ ಅಮ್ಮನ ಹೆಸರಿಗೆ: ಯಾವುದು ಮೊದಲು?

ಮಲ್ಲಿಗೆ_ಬೆಂ (ಪ್ರಶ್ನೆ)

ತಂದೆಯವರು ತೀರಿಕೊಂಡಿದ್ದಾರೆ. ವಿಲ್ ಬರೆದಿಲ್ಲ. ಮನೆ 30-40 ಸೈಟಿನಲ್ಲಿದೆ, 1991ರಲ್ಲಿ ಅವರೇ ದುಡಿದು ಕೊಂಡದ್ದು. ನೋಂದಣಿಯಾದ ಕ್ರಯಪತ್ರ ಇದೆ, ಸಾಲ ಇಲ್ಲ, ಕಂದಾಯ ಈ ವರ್ಷದವರೆಗೂ ಕಟ್ಟಿದೆ. ಖಾತೆ, ಬೆಸ್ಕಾಂ ಮೀಟರ್, ಜಲಮಂಡಳಿ ಸಂಪರ್ಕ ಮೂರೂ ಅವರ ಹೆಸರಲ್ಲೇ ಇವೆ. ಇ-ಖಾತೆ ಇನ್ನೂ ಆಗಿಲ್ಲ. ಅಮ್ಮ, ನಾನು, ಅಮೆರಿಕದಲ್ಲಿರುವ ತಮ್ಮ, ಇಷ್ಟೇ ಜನ. ಎಲ್ಲವೂ ಅಮ್ಮನ ಹೆಸರಿಗೆ ಬರಲಿ ಎಂದು ನಮ್ಮಿಬ್ಬರದೂ ಒಪ್ಪಿಗೆ.

ಒಂದು ಕೌಂಟರಿನಲ್ಲಿ ವಂಶವೃಕ್ಷ ತನ್ನಿ ಅನ್ನುತ್ತಾರೆ, ಇನ್ನೊಂದರಲ್ಲಿ ಖಾತೆ ತನ್ನಿ, ಮತ್ತೊಂದರಲ್ಲಿ ಮಕ್ಕಳಿಂದ ನೋಟರಿ ಒಪ್ಪಿಗೆ ಸಾಕು ಅನ್ನುತ್ತಾರೆ. ಕ್ರಯಪತ್ರದಲ್ಲಿ ತಂದೆಯ ಹೆಸರು ಇನಿಷಿಯಲ್ ಮುಂದೆ ಹಾಕಿ ಬರೆದಿದೆ, ಆಧಾರಿನಲ್ಲಿ ಇನಿಷಿಯಲ್ ಹಿಂದೆ ಇದೆ, ಮರಣ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಇದು ತೊಂದರೆ ಆಗುತ್ತದೆಯೇ? ಮಧ್ಯವರ್ತಿಯೊಬ್ಬರು "ಅಪ್ಪನ ಸಿಮ್ ಇನ್ನೂ ಚಾಲ್ತಿಯಲ್ಲಿದೆಯಲ್ಲ, ಓಟಿಪಿ ಹಾಕಿ ಅವರ ಹೆಸರಲ್ಲೇ ಇ-ಖಾತೆ ಮಾಡಿಸಿಬಿಡೋಣ, ಆಮೇಲೆ ಬದಲಾಯಿಸಿದರಾಯಿತು" ಅನ್ನುತ್ತಿದ್ದಾರೆ. ಯಾವ ಕ್ರಮದಲ್ಲಿ ಹೋಗಬೇಕು, ಗೊತ್ತಿರುವವರು ದಯವಿಟ್ಟು ತಿಳಿಸಿ.

ಕಂದಾಯ_ಕಡತ

ಮೇಡಂ, ಮೊದಲು ಆ ಓಟಿಪಿ ವಿಷಯ. ಖಂಡಿತ ಬೇಡ. ಇ-ಆಸ್ತಿಯಲ್ಲಿ (ಇ-ಖಾತೆ ಮಾಡುವ ತಂತ್ರಾಂಶ) ಮಾಲೀಕರ ಆಧಾರ್ ದೃಢೀಕರಣ ಯಾವ ದಿನ ಆಯಿತು ಅನ್ನುವುದು ದಾಖಲಾಗುತ್ತದೆ. ಮುಂದೆ ವಾರಸು ಅರ್ಜಿಗೆ ಮರಣ ಪತ್ರ ಲಗತ್ತಿಸಿದಾಗ ಮರಣದ ದಿನಾಂಕ ಹಿಂದಿನದು, ದೃಢೀಕರಣ ಆಮೇಲಿನದು ಎಂದು ಎದ್ದು ಕಾಣುತ್ತದೆ. ಆಗ ಅರ್ಜಿ ತಿರಸ್ಕೃತವಾಗುವುದಷ್ಟೇ ಅಲ್ಲ, ಸುಳ್ಳು ದೃಢೀಕರಣದ ಹೊಣೆ ಅರ್ಜಿ ಹಾಕಿದವರ ಮೇಲೆ ಬರುತ್ತದೆ, ಮಧ್ಯವರ್ತಿಯ ಮೇಲಲ್ಲ. ತಂದೆಯ ಹೆಸರಿನ ಸಾಲಿನಲ್ಲಿ ಅಮ್ಮನ ಆಧಾರ್ ಹಾಕುವುದೂ ಅಷ್ಟೇ ತಪ್ಪು.

ಈಗ ಕ್ರಮ. ಎಲ್ಲಕ್ಕೂ ಬುಡ ಮರಣ ಪತ್ರ. ವಂಶವೃಕ್ಷ, ಖಾತೆ, ಬ್ಯಾಂಕು, ಮೀಟರ್ ಎಲ್ಲರೂ ಹೆಸರನ್ನು ಅದರ ಜೊತೆಗೇ ತಾಳೆ ನೋಡುವುದು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆ ಹೆಸರು ಎಲ್ಲಿಂದ ಬರುತ್ತದೆ ಗೊತ್ತೆ? ದಾಖಲಾದ ದಿನ ಆಸ್ಪತ್ರೆಯ ಕೌಂಟರಿನಲ್ಲಿ ಅವಸರದಲ್ಲಿ ಟೈಪ್ ಮಾಡಿದ ಹೆಸರು. ಅದೇ ಮರಣ ವರದಿಯ ನಮೂನೆಗೆ ಇಳಿಯುತ್ತದೆ, ಅಲ್ಲಿಂದ ಇ-ಜನ್ಮ ತಂತ್ರಾಂಶಕ್ಕೆ. ಇನಿಷಿಯಲ್ ಬಿಟ್ಟುಹೋಗುವುದು, 'ಮಂಜುನಾಥ' ಎಂಬುದು ಇಂಗ್ಲಿಷಿನಲ್ಲಿ 'ಮಂಜುನಾಥ್' ಆಗುವುದು, ಎರಡು ಪದದ ಹೆಸರು ಒಂದಾಗುವುದು ಎಲ್ಲ ಅಲ್ಲೇ.

ನಿಮ್ಮ ಕೈಗೆ ಈಗಾಗಲೇ ಪತ್ರ ಬಂದಿರುವುದರಿಂದ ತಿದ್ದುಪಡಿಯೇ ದಾರಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನೋಂದಣಿಯನ್ನು ಮಾಡಿದ ನೋಂದಣಾಧಿಕಾರಿಯೇ ತಿದ್ದಬಹುದು. ಮೂಲ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ಷರಾ ಬರೆಯುತ್ತಾರೆ, ನೋಂದಣಿ ಸಂಖ್ಯೆ ಅದೇ ಉಳಿಯುತ್ತದೆ. ತಂದೆಯ ಆಧಾರ್ ಪ್ರತಿ, ಕ್ರಯಪತ್ರದ ಮೊದಲ ಪುಟ, ಆಸ್ಪತ್ರೆಯ ದಾಖಲಾತಿ ಪ್ರತಿ, ವಿಷಯ ಬಲ್ಲ ಇಬ್ಬರ ಘೋಷಣೆ, ಇಷ್ಟು ಜೋಡಿಸಿ. ಆಸ್ಪತ್ರೆಯವರಿಂದ "ನಮ್ಮ ವರದಿಯಲ್ಲಿ ಹೆಸರು ಹೀಗೆ ಬಿಟ್ಟುಹೋಗಿದೆ" ಎಂಬ ಪತ್ರ ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಅದಿಲ್ಲದಿದ್ದರೆ ನೋಂದಣಾಧಿಕಾರಿ ಮತ್ತೆ ಆಸ್ಪತ್ರೆಗೇ ಕಳುಹಿಸುವುದು ಮಾಮೂಲು.

ಯಾವ ಹೆಸರಿಗೆ ತಿದ್ದಿಸಬೇಕು, ಕ್ರಯಪತ್ರದ್ದೋ ಆಧಾರಿನದ್ದೋ? ನನ್ನ ಅಭಿಪ್ರಾಯ ಆಧಾರಿನದ್ದು. ಬ್ಯಾಂಕು, ಪಿಂಚಣಿ, ವಿಮೆ ಎಲ್ಲ ಅದನ್ನೇ ನೋಡುತ್ತವೆ. ಕ್ರಯಪತ್ರಕ್ಕೂ ಆಧಾರಿಗೂ ಇರುವ ವ್ಯತ್ಯಾಸಕ್ಕೆ "ಎರಡೂ ಹೆಸರು ಒಬ್ಬರದೇ" ಎಂಬ ಅಫಿಡವಿಟ್ ಸಾಕು. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುವ ವಿಷಯ, ಕಂದಾಯ ಕಚೇರಿಗೆ ಹೊಸದಲ್ಲ.

ಅಫಿಡವಿಟ್ ಬಗ್ಗೆ ಎರಡು ಮಾತು. ಹಿಂದೆ 20 ರೂಪಾಯಿ ಛಾಪಾದಲ್ಲಿ ಆಗುತ್ತಿತ್ತು, ಈಗ 100 ರೂಪಾಯಿಯ ಇ-ಸ್ಟ್ಯಾಂಪ್ ಬೇಕು. ಇ-ಸ್ಟ್ಯಾಂಪಿನಲ್ಲಿ 'ಮೊದಲ ಪಕ್ಷಕಾರ' ಎಂಬ ಜಾಗದಲ್ಲಿ ಪ್ರಮಾಣ ಮಾಡುವವರ ಹೆಸರೇ ಇರಬೇಕು. ಟೈಪಿಸ್ಟ್ ಅಂಗಡಿಯವರು ಕೊಳ್ಳಲು ಹೋದವರ ಹೆಸರು ಹಾಕಿಬಿಡುತ್ತಾರೆ, ಅಮ್ಮನ ಅಫಿಡವಿಟ್ ಮಗಳ ಹೆಸರಿನ ಛಾಪಾದಲ್ಲಿ ಬರುತ್ತದೆ, ವಾಪಸ್ ಬರುತ್ತದೆ.

ಮರಣ ಪತ್ರ ಆದ ಮೇಲೆ ಎರಡನೆಯ ಹೆಜ್ಜೆ ನಾಡಕಚೇರಿ. ಅಲ್ಲಿ 'ವಂಶವೃಕ್ಷ ದೃಢೀಕರಣ' ಬೇರೆ, 'ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ' ಬೇರೆ. ಅರ್ಜಿ ಹಾಕುವ ಮುಂಚೆ ಖಾತೆ ಕಚೇರಿಯಲ್ಲಿ ಯಾವುದು ಬೇಕೆಂದು ಕೇಳಿ, ಆಗುವುದಾದರೆ ಎರಡನ್ನೂ ಮಾಡಿಸಿಟ್ಟುಕೊಳ್ಳಿ. ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಸ್ಥಳ ವಿಚಾರಣೆ ಮಾಡುತ್ತಾರೆ, ನೆರೆಯವರನ್ನು ಕೇಳುತ್ತಾರೆ. ಎಲ್ಲ ಸದಸ್ಯರ ಆಧಾರ್ ಪ್ರತಿ, ಪಡಿತರ ಚೀಟಿ, ಮರಣ ಪತ್ರ, ಸದಸ್ಯರ ಪಟ್ಟಿ ಇರುವ ಅಫಿಡವಿಟ್ ಸಿದ್ಧವಿರಲಿ. ಕೊನೆಗೆ ಬರುವ ಪತ್ರದಲ್ಲಿ ಆರ್.ಡಿ. ಸಂಖ್ಯೆ ಇರುತ್ತದೆ. ಮುಂದಿನ ಕಚೇರಿಯವರು ಅದು ಅಸಲಿಯೋ ಎಂದು ನೋಡುವುದು ಆ ಸಂಖ್ಯೆಯಿಂದಲೇ.

ಖಾತೆಗೆ ಕೇಳುವ ಋಣಭಾರ ಪತ್ರದಲ್ಲಿ (ಇಸಿ, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವಹಿವಾಟುಗಳ ಪಟ್ಟಿ) ಒಂದು ಗಲಿಬಿಲಿ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ 1-4-2004ರಿಂದ ಈಚಿನದು ಮಾತ್ರ ಆನ್‌ಲೈನಿನಲ್ಲಿ ಸಿಗುತ್ತದೆ. ನಿಮ್ಮ ಕ್ರಯ 1991ರದ್ದು, ಆಮೇಲೆ ಸಾಲವೂ ಇಲ್ಲ. ಹಾಗಾಗಿ 'ನಮೂನೆ 16', ಅಂದರೆ ಯಾವ ವಹಿವಾಟೂ ಇಲ್ಲ ಎಂಬ ಪತ್ರ ಬರುತ್ತದೆ. ಗಾಬರಿ ಬೇಡ, ಅದು ಸರಿಯಾದ ಪತ್ರವೇ. ತಂದೆಯ ಹೆಸರು ಕಾಣುವ 'ನಮೂನೆ 15' ಬೇಕಾದರೆ 1991 ಸೇರುವ ಅವಧಿಗೆ ಉಪನೋಂದಣಿ ಕಚೇರಿಯಲ್ಲಿ ಹಳೆಯ ಸೂಚಿ ಪುಸ್ತಕ ನೋಡಿ ಕೊಡುವ ಪತ್ರಕ್ಕೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಸೈಟ್ ನಂಬರಿನ ಜೊತೆಗೆ ಹಳೆ ಖಾತಾ ನಂಬರ್, ಸರ್ವೆ ನಂಬರ್, ಹಳೆ ಹಳ್ಳಿಯ ಹೆಸರು ಎಲ್ಲ ಬರೆಯಿರಿ. ಹುಡುಕುವುದು ಬರೆದುಕೊಟ್ಟ ವಿವರದ ಮೇಲೆ ಮಾತ್ರ. '45' ಎಂದು ಕೊಟ್ಟರೆ '45/1'ರಲ್ಲಿ ಇರುವುದು ಸಿಗುವುದಿಲ್ಲ.

ದಸ್ತಾವೇಜು

ಮೇಲಿನವರು ಹೇಳಿದ್ದೆಲ್ಲ ಸರಿ. ಖಾತೆಯ ಕ್ರಮದ ಬಗ್ಗೆ ಮುಖ್ಯವಾದದ್ದೊಂದು ಸೇರಿಸಬೇಕು.

"ಮಕ್ಕಳಿಂದ ನೋಟರಿ ಒಪ್ಪಿಗೆ ಸಾಕು" ಎಂಬುದನ್ನು ನಂಬಬೇಡಿ. ನೋಟರಿ ಒಪ್ಪಿಗೆಯ ಮೇಲೆ ಯಾರಾದರೂ ಖಾತೆ ಮಾಡಿಕೊಟ್ಟರೂ ಹಕ್ಕು ವರ್ಗವಾಗುವುದಿಲ್ಲ. ಖಾತೆ ಎಂದರೆ ಕಂದಾಯ ಯಾರಿಂದ ವಸೂಲಿ ಮಾಡಬೇಕೆಂಬ ನಮೂದು, ಅದು ಹಕ್ಕುಪತ್ರ ಅಲ್ಲ. ನ್ಯಾಯಾಲಯಗಳು ಮತ್ತೆ ಮತ್ತೆ ಇದನ್ನೇ ಹೇಳಿವೆ. ಮುಂದೆ ಅಮ್ಮ ಮಾರಲು ಅಥವಾ ಸಾಲ ಪಡೆಯಲು ಹೋದಾಗ ಬ್ಯಾಂಕಿನ ವಕೀಲರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಮಕ್ಕಳು ತಮ್ಮ ಪಾಲು ಬಿಡಬೇಕಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಆಗಬೇಕು. ಕುಟುಂಬದ ಒಳಗಿನ ಬಿಡುಗಡೆಗೆ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕ ಬೀಳುವುದಿಲ್ಲ, ಆ ಹೆದರಿಕೆ ಬೇಡ.

ಆದರೆ 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ಆಸ್ತಿ ದಸ್ತಾವೇಜಿನ ನೋಂದಣಿ ಆಗುವುದಿಲ್ಲ. ಬಿಡುಗಡೆ ಪತ್ರ ಬರೆದುಕೊಡುವವರು ನೀವು ಮತ್ತು ತಮ್ಮ, ಇ-ಖಾತೆ ನಿಮ್ಮ ಹೆಸರುಗಳಲ್ಲಿ ಇರಬೇಕು. ಮೃತರ ಹೆಸರಲ್ಲಿ ಇ-ಖಾತೆ ಮಾಡಲಾಗದು. ಹಾಗಾಗಿ ನೇರವಾಗಿ ಅಮ್ಮನ ಹೆಸರಿಗೆ ಹೋಗುವ ಯೋಚನೆ ಬಿಡಿ. ಮೊದಲು ಪೌತಿ (ಮಾಲೀಕರ ಮರಣ) ಆಧಾರದಲ್ಲಿ ಎಲ್ಲ ವಾರಸುದಾರರ ಜಂಟಿ ಇ-ಖಾತೆ, ಅದರ ಮೇಲೆ ಕಾವೇರಿಯಲ್ಲಿ ಬಿಡುಗಡೆ ಪತ್ರದ ನೋಂದಣಿ, ಅದು ಆದ ಮೇಲೆ ಅಮ್ಮನೊಬ್ಬರ ಹೆಸರಿಗೆ ಖಾತೆ. ಎರಡು ಸಲ ಖಾತೆ ಬದಲಾವಣೆ ಆಗುತ್ತದೆ, ಸಮಯ ಹಿಡಿಯುತ್ತದೆ, ಆದರೆ ಕಾಗದದ ಸರಪಳಿ ಎಲ್ಲೂ ಕಡಿಯುವುದಿಲ್ಲ.

ತುರ್ತಾಗಿ ಮಾರುವ ಉದ್ದೇಶ ಇಲ್ಲದಿದ್ದರೆ ಜಂಟಿ ಖಾತೆಯಲ್ಲೇ ನಿಲ್ಲಿಸಿದರೂ ತಪ್ಪಿಲ್ಲ. ಅಮ್ಮನಿಗೆ ವಾಸಕ್ಕೆ, ಕಂದಾಯ ಕಟ್ಟಲು ಯಾವ ಅಡ್ಡಿಯೂ ಇಲ್ಲ.

ತಮ್ಮ ಅಮೆರಿಕದಲ್ಲಿರುವುದರಿಂದ ಎರಡು ಕೆಲಸ ಅವರ ಕಡೆಯಿಂದ ಆಗಬೇಕು. ಅವರ ಆಧಾರಿಗೆ ಜೋಡಿಸಿದ ಭಾರತದ ಮೊಬೈಲ್ ನಂಬರ್ ಬದುಕಿದೆಯೇ, ಅಲ್ಲಿ ರೋಮಿಂಗಿನಲ್ಲಿ ಎಸ್ಸೆಮ್ಮೆಸ್ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಲಿ. ಜಂಟಿ ಖಾತೆಯಲ್ಲಿ ಒಬ್ಬರ ಓಟಿಪಿ ಬರದಿದ್ದರೂ ಅರ್ಜಿ ನಿಲ್ಲುತ್ತದೆ. ಎರಡನೆಯದು ಬಿಡುಗಡೆ ಪತ್ರಕ್ಕೆ ಸಹಿ. ಬರಲಾಗದಿದ್ದರೆ ಅಧಿಕಾರ ಪತ್ರ, ಅಂದರೆ ಜಿಪಿಎ ಬೇಕು. ಭಾರತದ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಇಲ್ಲವೇ ಅಲ್ಲಿನ ನೋಟರಿ ಮುಂದೆ ಸಹಿ ಮಾಡಿ ಆ ರಾಜ್ಯದ ಅಪಾಸ್ಟಿಲ್ (ಬೇರೆ ದೇಶದಲ್ಲಿ ಮಾನ್ಯವಾಗುವ ಸರ್ಕಾರಿ ದೃಢೀಕರಣ) ಹಾಕಿಸಿ ಕಳುಹಿಸಬೇಕು. ಕರ್ನಾಟಕಕ್ಕೆ ಬಂದು ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ. ಜಿಪಿಎಯಲ್ಲಿ "ನನ್ನ ಪಾಲನ್ನು ತಾಯಿಯ ಹೆಸರಿಗೆ ಬಿಡುಗಡೆ ಮಾಡಿ ನೋಂದಾಯಿಸಲು" ಎಂದು ಬಿಡಿಸಿ ಬರೆದಿರಬೇಕು. "ಆಸ್ತಿ ನೋಡಿಕೊಳ್ಳಲು" ಎಂಬ ಸಾಮಾನ್ಯ ಒಕ್ಕಣೆ ಸಾಲದು. ಅಲ್ಲಿ ಸಹಿ ಮಾಡುವ ಮುಂಚೆಯೇ ಕರಡನ್ನು ಇಲ್ಲಿನ ಉಪನೋಂದಣಿ ಕಚೇರಿಗೆ ತೋರಿಸಿ, ಒಪ್ಪುತ್ತಾರೋ ಕೇಳಿಕೊಳ್ಳಿ.

ಒಂದು ಪ್ರಶ್ನೆ: ನಿಮ್ಮ ತಂದೆಯ ತಾಯಿ ಇದ್ದಾರೆಯೇ?

ಮಲ್ಲಿಗೆ_ಬೆಂ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಇಬ್ಬರಿಗೂ ಧನ್ಯವಾದ. ಹೌದು ಸರ್, ಅಜ್ಜಿ ಇದ್ದಾರೆ, ತಿಪಟೂರು ಕಡೆ ಊರಿನಲ್ಲಿ ಚಿಕ್ಕಪ್ಪನ ಜೊತೆ. ತುಂಬ ವಯಸ್ಸಾಗಿದೆ, ಓಡಾಡುವುದಿಲ್ಲ. ಅವರ ಹೆಸರು ಯಾವ ಕೌಂಟರಿನಲ್ಲೂ ಕೇಳಲಿಲ್ಲವಲ್ಲ?

ದಸ್ತಾವೇಜು

ಕೇಳುವುದಿಲ್ಲ, ಅದೇ ಸಮಸ್ಯೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿಗೆ ಮೊದಲ ವರ್ಗದ ವಾರಸುದಾರರು ಹೆಂಡತಿ ಮಕ್ಕಳು ಮಾತ್ರವಲ್ಲ, ತಾಯಿಯೂ ಹೌದು. ಅಮ್ಮ, ನೀವು, ತಮ್ಮ, ಅಜ್ಜಿ: ನಾಲ್ಕು ಸಮ ಪಾಲು.

ವಂಶವೃಕ್ಷ ಬರೆಯುವಾಗ ಮೃತರಿಂದ ಕೆಳಗಿನ ಕೊಂಬೆ ಮಾತ್ರ ಬರೆಯುವುದು ರೂಢಿಯಾಗಿಬಿಟ್ಟಿದೆ. ಅಜ್ಜಿಯನ್ನು ಬಿಟ್ಟು ಅಫಿಡವಿಟ್ ಕೊಟ್ಟರೆ ಅದು ಸುಳ್ಳು ಅಫಿಡವಿಟ್. ಪರಿಣಾಮವೂ ಚಿಕ್ಕದಲ್ಲ: ನಾಳೆ ಅಜ್ಜಿ ತೀರಿಕೊಂಡರೆ ಅವರ ಕಾಲು ಪಾಲು ಅವರ ವಾರಸುದಾರರಿಗೆ, ಅಂದರೆ ನಿಮ್ಮಿಬ್ಬರ ಜೊತೆಗೆ ಚಿಕ್ಕಪ್ಪ, ಅತ್ತೆಯರು ಇದ್ದರೆ ಅವರಿಗೆಲ್ಲ ಹಂಚಿಹೋಗುತ್ತದೆ. ಆಗ ಬಿಡುಗಡೆ ಪತ್ರಕ್ಕೆ ಅಷ್ಟೂ ಜನರ ಸಹಿ ಬೇಕಾಗುತ್ತದೆ. ಅಜ್ಜಿಯ ಹೆಸರನ್ನು ಈಗಲೇ ವಂಶವೃಕ್ಷದಲ್ಲಿ, ಜಂಟಿ ಖಾತೆಯಲ್ಲಿ ಸೇರಿಸಿ. ಅವರು ಮನಸ್ಸಾರೆ ಒಪ್ಪಿದರೆ ಬಿಡುಗಡೆ ಪತ್ರದಲ್ಲಿ ಅವರೂ ಸಹಿ ಮಾಡಲಿ. ಒಪ್ಪದಿದ್ದರೆ ಅದು ಅವರ ಹಕ್ಕು, ಒತ್ತಾಯ ಮಾಡುವಂತಿಲ್ಲ.

ನಿಮ್ಮದು ಬೇರೆ ವೈಯಕ್ತಿಕ ಕಾನೂನಿಗೆ ಒಳಪಡುವ ಕುಟುಂಬವಾಗಿದ್ದರೆ ಪಾಲಿನ ಲೆಕ್ಕ ಬೇರೆ, ಆಗ ವಕೀಲರನ್ನು ಕೇಳಿ.

ಫ್ಯೂಸ್_ಕ್ಯಾರಿಯರ್

ಮೀಟರ್ ಬಗ್ಗೆ. ಬೆಸ್ಕಾಂ ಹೆಸರು ಬದಲಾವಣೆಗೆ ಮರಣ ಪತ್ರ, ವಾರಸುದಾರಿಕೆಯ ಪತ್ರ, ಉಳಿದವರ ಒಪ್ಪಿಗೆ, ಆಸ್ತಿಯ ದಾಖಲೆ ಕೇಳುತ್ತಾರೆ. ಬಿಲ್ ಬಾಕಿ ಒಂದು ರೂಪಾಯಿಯೂ ಇರಬಾರದು. ಇಲ್ಲಿ ನೋಟರಿ ಒಪ್ಪಿಗೆ ನಡೆಯುತ್ತದೆ, ಏಕೆಂದರೆ ಇದು ಹಕ್ಕಿನ ವರ್ಗಾವಣೆ ಅಲ್ಲ. ಜಂಟಿ ಇ-ಖಾತೆ ಬಂದ ಮೇಲೆ ಹೋಗಿ, ಅಲ್ಲಿಯವರೆಗೆ ತಂದೆಯ ಹೆಸರಲ್ಲೇ ಬಿಲ್ ಕಟ್ಟುತ್ತಿದ್ದರೆ ಏನೂ ತೊಂದರೆ ಇಲ್ಲ.

ಅರ್ಜಿಯಲ್ಲಿ ತಪ್ಪದೆ ಬರೆಯಬೇಕಾದದ್ದು ಭದ್ರತಾ ಠೇವಣಿಯ ವಿಷಯ. ಸಂಪರ್ಕ ಪಡೆದಾಗ ಮತ್ತು ಆಮೇಲೆ ತಂದೆ ಕಟ್ಟಿದ ಠೇವಣಿ ಅವರ ಹೆಸರಲ್ಲೇ ಇದೆ. "ಠೇವಣಿಯನ್ನೂ ಹೊಸ ಹೆಸರಿಗೆ ವರ್ಗಾಯಿಸಿ" ಎಂಬ ಸಾಲು, ಅದಕ್ಕೆ ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಇಲ್ಲವಾದರೆ ಹೊಸದಾಗಿ ಠೇವಣಿ ಕೇಳಬಹುದು. ಠೇವಣಿಗೆ ವರ್ಷಕ್ಕೊಮ್ಮೆ ಬಡ್ಡಿ ಬಿಲ್ಲಿನಲ್ಲಿ ಜಮೆಯಾಗುತ್ತದೆ, ಹಳೆಯ ಬಿಲ್ಲುಗಳಲ್ಲಿ ಆ ಸಾಲು ಹುಡುಕಿ, ಠೇವಣಿ ಇದೆ ಎನ್ನುವುದಕ್ಕೆ ಅದು ಪುರಾವೆ.

ಗೃಹಜ್ಯೋತಿ ತಂದೆಯ ಆಧಾರಿನಲ್ಲಿ ನೋಂದಾಯಿಸಿದ್ದರೆ ಹೆಸರು ಬದಲಾದ ಮೇಲೆ ಸೇವಾ ಸಿಂಧುವಿನಲ್ಲಿ ಹಳೆಯದನ್ನು ಬಿಡಿಸಿ ಅಮ್ಮನ ಆಧಾರಿನಲ್ಲಿ ಮತ್ತೆ ನೋಂದಾಯಿಸಿ. ಅಲ್ಲಿ ಹಾಕಬೇಕಾದ್ದು ಬಿಲ್ಲಿನ ಮೇಲಿರುವ 10 ಅಂಕಿಯ ಅಕೌಂಟ್ ಐಡಿ, ಆರ್.ಆರ್. ನಂಬರ್ ಅಲ್ಲ. ಇ-ಖಾತೆ ಅರ್ಜಿಗೂ ಇದೇ ಅಕೌಂಟ್ ಐಡಿ.

ಜಲಮಂಡಳಿಯದು ಸುಲಭ. ಖಾತೆ ಬದಲಾದ ಪ್ರತಿ, ಬಾಕಿ ಇಲ್ಲದ ಬಿಲ್ಲು ಹಿಡಿದು ನಿಮ್ಮ ಉಪವಿಭಾಗದ ಕಚೇರಿಗೆ ಹೋಗಿ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಕಂದಾಯ_ಕಡತ

ಅರ್ಜಿ ಕೊಟ್ಟ ಮೇಲೆ ಏನೂ ಆಗದಿದ್ದರೆ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ನೀವು ಕೇಳಲಿಲ್ಲವಾದರೂ ಬೇಕಾಗುತ್ತದೆ.

ಕೈಬರಹದ ಅರ್ಜಿ ಕೊಟ್ಟು, ಪ್ರತಿಯ ಮೇಲೆ 'ಸ್ವೀಕರಿಸಲಾಗಿದೆ' ಎಂಬ ರಬ್ಬರ್ ಸ್ಟ್ಯಾಂಪ್ ಹಾಕಿಸಿಕೊಂಡು ಬಂದರೆ ಕಾಲಮಿತಿಯ ಗಡಿಯಾರ ಶುರುವಾಗುವುದೇ ಇಲ್ಲ. ನಾಡಕಚೇರಿಯ ಪತ್ರ, ಖಾತೆ ಬದಲಾವಣೆ ಎರಡೂ ಸಕಾಲದ (ಸರ್ಕಾರಿ ಸೇವೆ ಕಾಲಮಿತಿಯೊಳಗೆ ಸಿಗಬೇಕೆಂಬ ಕಾಯ್ದೆ) ಪಟ್ಟಿಯಲ್ಲಿವೆ. 15 ಅಂಕಿಯ ಜಿ.ಎಸ್.ಸಿ. ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಸಕಾಲ 2011ರ ಕಾಯ್ದೆ, 2012ರಿಂದ ಇಡೀ ರಾಜ್ಯದಲ್ಲಿ ಜಾರಿಯಲ್ಲಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಆ ಹಣಕ್ಕಿಂತ ಮುಖ್ಯವಾದದ್ದು ಮೇಲ್ಮನವಿ. ಮೇಲ್ಮನವಿ ಬಿದ್ದ ಅರ್ಜಿ ಮೇಲಧಿಕಾರಿಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ, ಅಲ್ಲಿಂದ ಕಡತ ಅಲುಗಾಡುತ್ತದೆ. ಮಿತಿ ಮುಗಿಯುವ ಹೊತ್ತಿಗೆ "ದಾಖಲೆ ಸ್ಪಷ್ಟವಾಗಿಲ್ಲ" ಎಂದು ತಿರಸ್ಕರಿಸುವ ಚಾಳಿಯೂ ಇದೆ. ಅದಕ್ಕೇ ಮೊಬೈಲಿನಲ್ಲಿ ತೆಗೆದ ಫೋಟೋ ಹಾಕಬೇಡಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿ, ಕ್ರಯಪತ್ರದ ಹಿಂಬದಿಯ ನೋಂದಣಿ ಮುದ್ರೆಯ ಪುಟವನ್ನೂ ಸೇರಿಸಿ. ತುಂಬ ಜನ ಬಿಡುವುದು ಆ ಹಿಂಬದಿಯನ್ನೇ.

ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ದೂರು ಬರೆಯಬೇಡಿ, 'ಏಕೆ ತಡ' ಎಂದೂ ಕೇಳಬೇಡಿ. ದಾಖಲೆ ಕೇಳಿ. ಹೀಗೆ:

"ದಿನಾಂಕ ___ರಂದು ಸಲ್ಲಿಸಿದ ಅರ್ಜಿ ಸಂಖ್ಯೆ ___ಕ್ಕೆ ಸಂಬಂಧಿಸಿದಂತೆ (1) ಕಡತವು ಯಾವ ಹುದ್ದೆಯ ಅಧಿಕಾರಿಯ ಬಳಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇತ್ತು ಎಂಬ ವಿವರ, (2) ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, (3) ಬಾಕಿ ಎಂದು ಗುರುತಿಸಲಾದ ದಾಖಲೆಗಳ ಪಟ್ಟಿ ಮತ್ತು ಅದನ್ನು ಅರ್ಜಿದಾರರಿಗೆ ತಿಳಿಸಿದ ಪತ್ರದ ಪ್ರತಿ ನೀಡುವುದು."

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಅರ್ಜಿಯ ವಿಳಾಸದಲ್ಲಿ ನಿಮ್ಮ ಮನೆ ಯಾವ ಪಾಲಿಕೆಗೆ (ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ) ಸೇರಿದೆಯೋ ಅದರ ಸಹಾಯಕ ಕಂದಾಯ ಅಧಿಕಾರಿ ಎಂದೇ ಬರೆಯಿರಿ. ಹಳೆ ವಿಳಾಸಕ್ಕೆ ಹೋದ ಅರ್ಜಿ ವರ್ಗಾವಣೆಯಲ್ಲೇ ದಿನ ಕಳೆಯುತ್ತದೆ.

ಮಲ್ಲಿಗೆ_ಬೆಂ

ಅಜ್ಜಿಗೆ ಫೋನಿನಲ್ಲಿ ಎಲ್ಲ ತಿಳಿಸಿದೆವು, ಸಂತೋಷದಿಂದ ಒಪ್ಪಿದ್ದಾರೆ. ಆದರೆ ಬೆಂಗಳೂರಿಗೆ ಕರೆತರುವುದು ಸಾಧ್ಯವೇ ಇಲ್ಲ. ಹೆಬ್ಬೆಟ್ಟು ಬೇರೆ. ದಾರಿ ಇದೆಯೇ?

ದಸ್ತಾವೇಜು

ಇದೆ. 1908ರ ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಅಜ್ಜಿ ವಾಸವಿರುವ ಕಡೆಯ ಉಪನೋಂದಣಾಧಿಕಾರಿಯ ಮುಂದೆಯೇ ಅಧಿಕಾರ ಪತ್ರ ಬರೆದುಕೊಡಬಹುದು. ದೇಹದಲ್ಲಿ ಶಕ್ತಿಯಿಲ್ಲದವರು ಕಚೇರಿಗೆ ಬರಬೇಕಿಲ್ಲ, ಅಧಿಕಾರಿಯೇ ಮನೆಗೆ ಬಂದು ವಿಚಾರಿಸಿ ದೃಢೀಕರಿಸಲು ಅವಕಾಶ ಇದೆ. ಅದಕ್ಕೆ ತಿಪಟೂರಿನ ಉಪನೋಂದಣಿ ಕಚೇರಿಗೆ ಗೃಹಭೇಟಿಯ ಅರ್ಜಿ, ಓಡಾಡಲು ಆಗುವುದಿಲ್ಲ ಆದರೆ ಬುದ್ಧಿ ಸ್ಥಿಮಿತದಲ್ಲಿದೆ ಎಂಬ ಎರಡೂ ಮಾತು ಇರುವ ವೈದ್ಯರ ಪತ್ರ (ಸರ್ಕಾರಿ ಆಸ್ಪತ್ರೆಯದಾದರೆ ಒಳ್ಳೆಯದು), ನಿಗದಿತ ಶುಲ್ಕ ಬೇಕು.

ಅಧಿಕಾರ ಪತ್ರ ಕನ್ನಡದಲ್ಲೇ ಇರಲಿ, ಅಧಿಕಾರಿ ಓದಿ ಹೇಳಿದಾಗ ಅಜ್ಜಿಗೆ ಅರ್ಥವಾಗಬೇಕು. ಅಧಿಕಾರವನ್ನು ಅಮ್ಮನಿಗೆ ಕೊಡಬೇಡಿ, ಬಿಡುಗಡೆಯಿಂದ ಲಾಭ ಪಡೆಯುವವರು ಅವರೇ. ಚಿಕ್ಕಪ್ಪನಿಗೆ ಕೊಟ್ಟು, ಅವರು ಬೆಂಗಳೂರಿಗೆ ಬಂದು ಸಹಿ ಮಾಡುವುದು ಉತ್ತಮ. ಮುಂದೆ ಆ ಮನೆಯ ಕಡೆಯಿಂದ ತಕರಾರು ಬರುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಸಾಕ್ಷಿಗಳಲ್ಲಿ ಒಬ್ಬರು ಊರಿನವರೇ ಇರಲಿ. ಜಂಟಿ ಇ-ಖಾತೆಗೆ ಅಜ್ಜಿಯ ಆಧಾರಿಗೂ ಮೊಬೈಲ್ ನಂಬರ್ ಜೋಡಣೆ ಬೇಕಾಗುತ್ತದೆ, ಆ ಕೆಲಸವನ್ನು ಇವತ್ತೇ ಚಿಕ್ಕಪ್ಪನಿಗೆ ಹೇಳಿ.